ಓದುಗರ ಅಭಿಪ್ರಾಯ ಬರೆದಿಟ್ಟುಕೊಳ್ಳುವ ಕೆಲಸ: ನನ್ನ ಅನುಭವ

ಸಾಗರ ತಾಲ್ಲೂಕಿನ ನಮ್ಮ ಊರಿನಲ್ಲಿ ಕಾದಂಬರಿ ಓದುವವರಿಗೆ ಬರವಿಲ್ಲ. ಶಾಲೆಯ ಕೆಲಸದಿಂದ ನಿವೃತ್ತಳಾದ ಮೇಲೆ ನಾನು ಪಂಚಾಯಿತಿ ಗ್ರಂಥಾಲಯದ ಮೇಜಿನ ಮೇಲೆ ರಟ್ಟು ಹಾಕಿದ ದೊಡ್ಡದೊಂದು ನೋಟ್‌ಬುಕ್ ಇಟ್ಟು, ಕಾದಂಬರಿ ಹಿಂದಿರುಗಿಸಲು ಬಂದವರ ಅಭಿಪ್ರಾಯವನ್ನು ಅದರಲ್ಲಿ ದಾಖಲಿಸತೊಡಗಿದೆ. ವಿಮರ್ಶಕರು ಬರೆದದ್ದು ಪತ್ರಿಕೆಗಳಲ್ಲಿ ಸಿಗುತ್ತದೆ. ತೋಟದ ಕೆಲಸ ಮುಗಿಸಿ, ದನಕ್ಕೆ ಹುಲ್ಲು ಹಾಕಿ, ರಾತ್ರಿ ಹತ್ತರ ಮೇಲೆ ಕನ್ನಡಕ ಏರಿಸಿಕೊಂಡು ಓದುವವರು ಏನೆಂದುಕೊಂಡರು ಎಂಬುದು ಎಲ್ಲಿಯೂ ಸಿಗುವುದಿಲ್ಲ. ನನಗೆ ಬೇಕಾಗಿದ್ದದ್ದು ಅದು.

‘ಪುಸ್ತಕ ಹೇಗಿತ್ತು?’ ಎಂದು ಕೇಳಿದರೆ ‘ಚೆನ್ನಾಗಿತ್ತು ಟೀಚರ್’ ಎಂಬ ಉತ್ತರ ಬರುತ್ತದೆ, ಅಲ್ಲಿಗೆ ಮಾತು ಮುಗಿಯುತ್ತದೆ. ಆದ್ದರಿಂದ ನಾನು ಓದುಗರನ್ನು ಪುಸ್ತಕದ ಒಳಗಿನ ಒಂದು ಜಾಗಕ್ಕೆ ಕರೆದೊಯ್ಯುವಂತೆ ಕೇಳುತ್ತೇನೆ: ಎಲ್ಲಿ ಪುಸ್ತಕ ಮಡಚಿಟ್ಟು ಸುಮ್ಮನೆ ಕುಳಿತಿರಿ, ಯಾರ ಮೇಲೆ ಸಿಟ್ಟು ಬಂತು, ಯಾವ ಭಾಗವನ್ನು ಹಾರಿಸಿ ಓದಿದಿರಿ? ಹಾರಿಸಿದ್ದನ್ನು ಹೇಳಲು ಮೊದಲು ಎಲ್ಲರಿಗೂ ಸಂಕೋಚ. ಹಾರಿಸಿದ ಪುಟಗಳೂ ಅಭಿಪ್ರಾಯವೇ ಎಂದು ಒಮ್ಮೆ ಮನದಟ್ಟಾದರೆ ಆಮೇಲೆ ಅವರನ್ನು ನಿಲ್ಲಿಸುವುದು ಕಷ್ಟ.

ಅರ್ಧಕ್ಕೆ ಬಿಟ್ಟ ಪುಸ್ತಕಗಳ ವಿಷಯದಲ್ಲಿ ಇದು ಎಲ್ಲಕ್ಕಿಂತ ಹೆಚ್ಚು ಉಪಯೋಗಕ್ಕೆ ಬಂದಿದೆ. 1967ರಲ್ಲಿ ಪ್ರಕಟವಾದ ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ ನಮ್ಮ ಕಡೆಯ ಕಾಡು, ಮಳೆ, ಮನೆತನಗಳದ್ದೇ ಕಥೆಯಾದರೂ ಅದನ್ನು ಹಿಡಿದವರಲ್ಲಿ ಹಲವರು ಮೊದಲ ಅಧ್ಯಾಯಗಳಲ್ಲಿಯೇ ಕೈಬಿಟ್ಟಿದ್ದರು. ಎಲ್ಲಿ ಬಿಟ್ಟಿರಿ ಎಂದು ಕೇಳಿ ಬರೆದುಕೊಳ್ಳುತ್ತಾ ಹೋದಂತೆ ಕಾರಣ ತಾನಾಗಿ ಹೊರಬಂತು. ಭಾಷೆ ಯಾರಿಗೂ ತೊಡಕಾಗಿರಲಿಲ್ಲ. ಸಿಂಬಾವಿ, ಬೆಟ್ಟಳ್ಳಿ, ಕೋಣೂರು, ಹೂವಳ್ಳಿ, ಹಳೆಮನೆ ಎಂದು ಮನೆಗಳ ಹೆಸರು ಒಂದರ ಮೇಲೊಂದು ಬಂದು, ಯಾರು ಯಾವ ಮನೆಯ ಒಕ್ಕಲು, ಯಾರು ಯಾರ ಆಳು ಎಂಬುದು ತಲೆಯಲ್ಲಿ ನಿಲ್ಲುತ್ತಿರಲಿಲ್ಲ. ನಾನು ಒಂದು ಹಾಳೆಯಲ್ಲಿ ಮನೆಗಳನ್ನೂ ಅವುಗಳ ಕೆಳಗೆ ಗುತ್ತಿ, ತಿಮ್ಮಿ, ಐತ, ಪೀಂಚಲು, ಮುಕುಂದಯ್ಯ, ಚಿನ್ನಮ್ಮ ಮೊದಲಾದವರನ್ನೂ ಬರೆದು ಪುಸ್ತಕದ ಒಳರಟ್ಟಿಗೆ ಅಂಟಿಸಿದೆ. ಅನಂತರ ಅದನ್ನು ಒಯ್ದವರಲ್ಲಿ ಪೂರ್ತಿ ಓದಿದವರು ಹೆಚ್ಚಿದರು. ಆಗುಂಬೆ ದಾರಿಯಲ್ಲಿರುವ ಮೇಗರವಳ್ಳಿಯಲ್ಲಿ ನೆಂಟರಿರುವ ಒಬ್ಬ ಚಾಲಕರಂತೂ ಗುತ್ತಿ ನಡೆದ ದಾರಿಗಳನ್ನು ತಾವೇ ಇನ್ನೊಂದು ಹಾಳೆಯಲ್ಲಿ ಗುರುತು ಹಾಕಿ ತಂದುಕೊಟ್ಟರು. ಕೊನೆಯಲ್ಲಿ ಹೊಳೆಯ ನೆರೆಗೆ ಸಿಕ್ಕ ನಾಯಿ ಹುಲಿಯನ ಬಗ್ಗೆ ಅವರು ಬರೆದದ್ದು ಒಂದೇ ಸಾಲು: ಇದನ್ನು ಓದಿದ ಮೇಲೆ ಎರಡು ದಿನ ಬೇರೆ ಏನನ್ನೂ ಓದಲಿಲ್ಲ.

ಎಲ್ಲರೂ ಬರೆಯುವುದಿಲ್ಲ, ಎಲ್ಲರೂ ಓದುವುದೂ ಇಲ್ಲ. ಅಡಿಕೆ ಸುಗ್ಗಿಯಲ್ಲಿ, ಸುಲಿಯುವ ಯಂತ್ರ ಇನ್ನೂ ಬಾರದ ಮನೆಗಳಲ್ಲಿ, ರಾತ್ರಿ ಹೆಂಗಸರು ಮೆಟ್ಟುಗತ್ತಿಯ ಮುಂದೆ ಸಾಲಾಗಿ ಕುಳಿತಿರುವಾಗ ನಾನು ಗಟ್ಟಿಯಾಗಿ ಓದಿ ಹೇಳುವುದುಂಟು. ಹೀಗೆ ಓದಿದ ಪುಸ್ತಕಗಳಲ್ಲಿ 1976ರಲ್ಲಿ ಬಂದ ಎಂ. ಕೆ. ಇಂದಿರಾ ಅವರ ‘ಫಣಿಯಮ್ಮ’ಕ್ಕೆ ಸಿಕ್ಕಷ್ಟು ಅಭಿಪ್ರಾಯ ಇನ್ನಾವುದಕ್ಕೂ ಸಿಕ್ಕಿಲ್ಲ. ಬಾಲ್ಯದಲ್ಲಿಯೇ ವಿಧವೆಯಾದ ಫಣಿಯಮ್ಮ, ತಾನು ಎಲ್ಲವನ್ನೂ ನುಂಗಿಕೊಂಡು ಬದುಕಿದವಳು, ತಲೆ ಬೋಳಿಸಿಕೊಳ್ಳುವುದಿಲ್ಲ ಎಂದು ಹಟ ಹಿಡಿದ ದಾಕ್ಷಾಯಿಣಿಯ ಪರವಾಗಿ ನಿಲ್ಲುವ ಭಾಗ ಬಂದಾಗ ಸುಲಿದ ಅಡಿಕೆ ಬುಟ್ಟಿಗೆ ಬೀಳುವ ಸದ್ದು ನಿಂತುಹೋಯಿತು. ಆಮೇಲೆ ದೊಡ್ಡ ಚರ್ಚೆ. ಫಣಿಯಮ್ಮನ ತಾಳ್ಮೆಯೇ ದೊಡ್ಡದು ಎಂದು ಹಿರಿಯರೊಬ್ಬರು ಹೇಳಿದರೆ, ಅವರ ಸೊಸೆ ಕತ್ತಿಯಿಂದ ತಲೆಯೆತ್ತದೆ, ಅಷ್ಟು ವರ್ಷ ತಾಳಿಕೊಂಡವಳಿಗೆ ಯಾರೂ ‘ಬೇಡ’ ಎಂದು ಹೇಳಿಕೊಡಲಿಲ್ಲವಲ್ಲ, ಅದಕ್ಕೇ ನನಗೆ ಸಂಕಟ ಎಂದಳು. ಎರಡನ್ನೂ ಅವರವರ ಮಾತಿನಲ್ಲಿಯೇ ಅಕ್ಕಪಕ್ಕ ಬರೆದೆ. ಕೇಳಿಸಿಕೊಂಡವರ ಮಾತನ್ನು ತಿದ್ದಿ ಪುಸ್ತಕದ ಕನ್ನಡಕ್ಕೆ ತರಬಾರದು ಎಂಬುದು ನಾನು ಬಿಗಿಯಾಗಿ ಪಾಲಿಸುವ ನಿಯಮ, ಏಕೆಂದರೆ ತಿದ್ದಿದ ಕೂಡಲೇ ಅತ್ತೆ ಸೊಸೆ ಇಬ್ಬರೂ ನನ್ನಂತೆಯೇ ಮಾತಾಡತೊಡಗುತ್ತಾರೆ.

ನಮ್ಮ ಸಾಗರದವರೇ ಆದ ನಾ. ಡಿಸೋಜ ಅವರ ‘ಮುಳುಗಡೆ’, ‘ದ್ವೀಪ’ಗಳ ವಿಷಯದಲ್ಲಿ ಕೆಲಸ ಹೆಚ್ಚು ಸೂಕ್ಷ್ಮ. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟಿನ ನೀರಿನಲ್ಲಿ ಮನೆ ಕಳೆದುಕೊಂಡ ಕುಟುಂಬದವರು ಇಲ್ಲಿಯ ಓದುಗರಲ್ಲಿ ಅನೇಕರಿದ್ದಾರೆ. ಅವರಲ್ಲಿ ಕೆಲವರ ಜಮೀನಿನ ಹಕ್ಕುಪತ್ರದ ತಕರಾರು ಇನ್ನೂ ಮುಗಿದಿಲ್ಲ. ಅವರು ಪುಸ್ತಕದ ಬಗ್ಗೆ ಮಾತು ಶುರುಮಾಡಿ ಮೂರನೆಯ ವಾಕ್ಯಕ್ಕೆ ತಮ್ಮ ಮನೆಯ ಕಥೆಗೆ ಇಳಿಯುತ್ತಾರೆ. ಹುಡುಗನಾಗಿದ್ದಾಗ ತಂದೆಯ ಜೊತೆ ಹಳೆಯ ಮನೆಯ ಕಂಬ, ಬಾಗಿಲುಗಳನ್ನು ಬಿಚ್ಚಿ ಗಾಡಿಗೆ ಹೇರಿದ ಒಬ್ಬ ಹಿರಿಯರು, ತೆಗೆಯಲಾಗದೆ ಬಿಟ್ಟುಬಂದ ಒರಳುಕಲ್ಲಿನ ಬಗ್ಗೆ ಬಹಳ ಹೊತ್ತು ಹೇಳಿದರು. ನಾನು ತಡೆಯಲಿಲ್ಲ. ಅದನ್ನೆಲ್ಲ ಎಡಗಡೆಯ ಪುಟದಲ್ಲಿ ಬರೆದುಕೊಂಡು, ಇನ್ನೊಂದು ದಿನ ಅವರೇ ಬಂದಾಗ, ಕಾದಂಬರಿಯಲ್ಲಿ ಇದು ಬಂದಿದೆಯೇ, ಬಂದದ್ದು ನಿಮಗೆ ಸರಿಯೆನಿಸಿತೇ ಎಂದು ಕೇಳಿದೆ. ನೀರು ಏರುವ ಭಯ ಸರಿಯಾಗಿ ಬಂದಿದೆ, ಆದರೆ ಹೊಸ ಜಾಗಕ್ಕೆ ಹೋದ ಮೇಲಿನ ಮೊದಲ ಮಳೆಗಾಲವನ್ನು ಇನ್ನಷ್ಟು ಬರೆಯಬೇಕಿತ್ತು ಎಂದರು. ಆ ಮಾತನ್ನು ಬಲಗಡೆಯ ಪುಟದಲ್ಲಿ ಬರೆದೆ. ನೆನಪು ಎಡಕ್ಕೆ, ಪುಸ್ತಕದ ಮಾತು ಬಲಕ್ಕೆ. ಎರಡೂ ಉಳಿಯಬೇಕು, ಒಂದರೊಳಗೊಂದು ಕಲಸಿಹೋಗಬಾರದು.

ಹೊಸ ಕಾದಂಬರಿಗಳನ್ನು ಹೆಚ್ಚಾಗಿ ಒಯ್ಯುವವರು ಬೆಂಗಳೂರಿನ ಕೆಲಸ ಬಿಟ್ಟು ಅಥವಾ ಮನೆಯಿಂದಲೇ ಕೆಲಸ ಮಾಡುತ್ತಾ ಊರಿಗೆ ಮರಳಿದ ಹುಡುಗರು. ವಸುಧೇಂದ್ರ ಅವರ ‘ತೇಜೋ ತುಂಗಭದ್ರಾ’ 2019ರಲ್ಲಿ ಬಂದದ್ದು. ಹದಿನಾರನೆಯ ಶತಮಾನದ ಲಿಸ್ಬನ್ನಿಗೂ ವಿಜಯನಗರಕ್ಕೂ ನಡುವೆ ಓಡಾಡುವ ಆ ಕಥೆಯನ್ನು ಅವರು ಹಡಗಿನ ಪ್ರಯಾಣಕ್ಕಾಗಿ ಓದಿದರು. ಅದೇ ಪ್ರತಿಯನ್ನು ಒಯ್ದ ನಮ್ಮ ಪಕ್ಕದ ತೋಟದವರು, ಅಡಿಕೆ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿಸಿಕೊಂಡು ಬಂದವರು, ಕಾಳುಮೆಣಸಿಗಾಗಿ ಸಮುದ್ರ ದಾಟಿದ ಪೋರ್ಚುಗೀಸರ ಮಾತು ಬಂದಲ್ಲೆಲ್ಲ ಪೆನ್ಸಿಲಿನಿಂದ ಗೆರೆ ಎಳೆದಿದ್ದರು. ಗ್ರಂಥಾಲಯದ ಪುಸ್ತಕಕ್ಕೆ ಗೆರೆ ಎಳೆಯಬಾರದೆಂದು ಹೇಳಿ ಅಳಿಸಿದೆ, ಆದರೆ ಅಳಿಸುವ ಮುನ್ನ ಪ್ರತಿಯೊಂದರ ಪುಟಸಂಖ್ಯೆಯನ್ನೂ ನೋಟ್‌ಬುಕ್ಕಿಗೆ ಇಳಿಸಿಕೊಂಡೆ.

ಅಭಿಪ್ರಾಯದ ಜೊತೆಗೆ ಓದುಗರ ಹೆಸರನ್ನು ನಾನು ಹಾಕುವುದಿಲ್ಲ. ‘ತೋಟದವರು’, ‘ಅಂಗನವಾಡಿಯವರು’, ‘ಪಿಯುಸಿ ಹುಡುಗಿ’ ಎಂದಷ್ಟೇ ಬರೆದರೆ ಸಾಕು. ಹೆಸರಿದ್ದರೆ ಸಣ್ಣ ಊರಿನಲ್ಲಿ ಯಾರೂ ಮನಸ್ಸು ಬಿಚ್ಚುವುದಿಲ್ಲ. ತಿಂಗಳಿಗೊಮ್ಮೆ, ಯಾವ ಪುಸ್ತಕದ ಪುಟದಲ್ಲಿ ಹೆಚ್ಚು ಜಗಳವಿದೆಯೋ ಆ ಪುಟವನ್ನು ದೊಡ್ಡ ಅಕ್ಷರದಲ್ಲಿ ನಕಲು ಮಾಡಿ ಬಾಗಿಲ ಬಳಿಯ ಹಲಗೆಗೆ ಅಂಟಿಸುತ್ತೇನೆ. ಹೊಗಳಿಕೆಯಷ್ಟೇ ಇರುವ ಪುಟವನ್ನು ಅಂಟಿಸಿದ ತಿಂಗಳು ಆ ಪುಸ್ತಕ ಕಪಾಟಿನಿಂದ ಅಲುಗುವುದಿಲ್ಲ; ಅತ್ತೆ ಸೊಸೆಯರ ಮಾತಿದ್ದ ಪುಟ ಅಂಟಿಸಿದ ತಿಂಗಳು ‘ಫಣಿಯಮ್ಮ’ಕ್ಕಾಗಿ ಹೆಸರು ಬರೆಸಿ ಕಾಯುವವರ ಪಟ್ಟಿಯನ್ನೇ ಮಾಡಬೇಕಾಯಿತು. ಈ ಸಲದ ಸುಗ್ಗಿಗೆ ‘ದ್ವೀಪ’ವನ್ನು ಓದಿ ಹೇಳಬೇಕೆಂದು ಸುಲಿಯುವವರೇ ಕೇಳಿಕೊಂಡಿದ್ದಾರೆ, ಎಡಪುಟಗಳು ಹೆಚ್ಚು ಬೇಕಾಗುತ್ತವೆಂದು ಹೊಸ ನೋಟ್‌ಬುಕ್ ಒಂದನ್ನು ಈಗಲೇ ಹೊಲಿಸಿಟ್ಟಿದ್ದೇನೆ.