ಸಾಣೆ ಕೂಟ: ಚಾಕು ಪ್ರಿಯರನ್ನು ಒಂದೆಡೆ ಸೇರಿಸುವುದು ಹೇಗೆ?

ದಾವಣಗೆರೆಯ ಯಾವ ಅಡುಗೆಮನೆಗೆ ಹೋದರೂ ಒಂದು ಮೊಂಡು ಚಾಕು ಸಿಕ್ಕೇ ಸಿಗುತ್ತದೆ. ಟೊಮೆಟೊ ಮೇಲೆ ಇಟ್ಟರೆ ಅದು ಕೊಯ್ಯುವುದಿಲ್ಲ, ಜಜ್ಜುತ್ತದೆ. ಅದೇ ಮನೆಯ ಅಟ್ಟದ ಮೇಲೆ ಅಜ್ಜಿಯ ಕಾಲದ ಈಳಿಗೆಮಣೆ ಇರುತ್ತದೆ. ಡಬ್ಬಿಯೊಂದರಲ್ಲಿ ಅಡಕತ್ತರಿ, ಹಿತ್ತಲಲ್ಲಿ ತುಕ್ಕು ಹಿಡಿದ ಕುಡುಗೋಲು. ಇನ್ನೊಂದು ಕಡೆ, ಆನ್‌ಲೈನ್‌ನಲ್ಲಿ ಒಳ್ಳೊಳ್ಳೆ ಚಾಕು ತರಿಸಿ, ದಿನಾ ಒರೆಸಿ ಎಣ್ಣೆ ಸವರಿ ಇಡುವ ಹುಡುಗರೂ ಊರಲ್ಲಿದ್ದಾರೆ. ಆ ಅಜ್ಜಿಯನ್ನೂ ಈ ಹುಡುಗರನ್ನೂ ಒಂದೇ ಚಾಪೆಯ ಮೇಲೆ ಕೂರಿಸಬೇಕು. ನನ್ನ ಪ್ರಕಾರ ಚಾಕು ಪ್ರಿಯರ ಕೂಟ ಅಂದರೆ ಅದೇ.

ನಾವು ಕೆಲವರು ಹೀಗೆ ಸೇರಲು ಶುರು ಮಾಡಿದಾಗ ಏಳೇ ಜನ. ಮೊದಲ ಸಲ ಎಲ್ಲರೂ ತಮ್ಮ ಚಾಕು ತೋರಿಸಿದರು, ಬೆಲೆ ಹೇಳಿದರು, ಒಂದು ಗಂಟೆಯಲ್ಲಿ ಮಾತು ಮುಗಿಯಿತು. ಎರಡನೇ ಸಲ ನಡುವೆ ಒಂದು ಸಾಣೆಕಲ್ಲು ಇಟ್ಟೆವು. ಮಧ್ಯಾಹ್ನವಾದರೂ ಯಾರೂ ಏಳಲಿಲ್ಲ. ಬರೀ ನೋಡುವ ಕೂಟ ಬೇಗ ಸಪ್ಪೆಯಾಗುತ್ತದೆ. ಕೈಗೆ ಕೆಲಸ ಕೊಡುವ ಕೂಟ ಉಳಿಯುತ್ತದೆ. ನೀವೂ ಮಾಡುವುದಾದರೆ ಹೀಗೆ ಮಾಡಿ.

ಮೊದಲು ಜನ

ಎಂಟರಿಂದ ಹನ್ನೆರಡು ಜನ ಸಾಕು. ಅದಕ್ಕಿಂತ ಜಾಸ್ತಿ ಆದರೆ ಯಾರ ಕೈಯಲ್ಲಿ ಏನಿದೆ ಎಂದು ನೋಡಿಕೊಳ್ಳಲು ಆಗುವುದಿಲ್ಲ. ಚಾಕು ಕೂಡಿಡುವವರು ಮೂರ್ನಾಲ್ಕು ಜನ ಇರಲಿ. ಉಳಿದವರು ದಿನವೂ ಅಲಗು ಹಿಡಿದು ಕೆಲಸ ಮಾಡುವವರಾಗಿರಲಿ. ಹೋಟೆಲಿನ ಅಡುಗೆಯವರು, ಕ್ಷೌರದಂಗಡಿಯವರು, ಟೈಲರ್, ಚನ್ನಗಿರಿ ಕಡೆಯ ಅಡಿಕೆ ತೋಟದವರು, ಮನೆಯಲ್ಲಿ ಈಳಿಗೆಮಣೆ ಮೇಲೆ ಕೂತು ನಿಮಿಷದಲ್ಲಿ ಎಲೆಕೋಸು ಹೆಚ್ಚುವ ದೊಡ್ಡಮ್ಮ. ಇವರಿಗೆ ಉಕ್ಕಿನ ಹೆಸರು ಗೊತ್ತಿರಲಿಕ್ಕಿಲ್ಲ. ಆದರೆ ಅಲಗು ಯಾವಾಗ ಸೋತಿದೆ ಎಂದು ಬೆರಳಿಗೇ ಗೊತ್ತಾಗುತ್ತದೆ.

ಹತ್ತಿರದಲ್ಲಿ ಕುಲುಮೆ ಇದ್ದರೆ ಕಮ್ಮಾರರನ್ನು ಕರೆಯಲೇಬೇಕು. 'ಯಜಮಾನ್ರೇ, ಅರ್ಧ ದಿನ ನಮ್ಮ ಜೊತೆ ಕೂತು ಹದದ ಬಗ್ಗೆ ಹೇಳಿಕೊಡಿ' ಎಂದು ಖುದ್ದಾಗಿ ಹೋಗಿ ಕೇಳಿ. ಅವರ ಅರ್ಧ ದಿನದ ಕೂಲಿಯನ್ನು ಮರೆಯದೆ ಕೊಡಿ. ಸೈಕಲ್ ಮೇಲೆ ಚಕ್ರ ತಿರುಗಿಸುತ್ತಾ ಓಣಿಗೆ ಬರುವ ಸಾಣೆಯವರಿಗೂ ಇದೇ ಮಾತು. ಅವರ ಸಮಯವೇ ಅವರ ದುಡಿಮೆ ಅಲ್ವಾ?

ದಿನ, ಜಾಗ

ಭಾನುವಾರ ಬೆಳಿಗ್ಗೆ ಒಂಬತ್ತೂವರೆಯಿಂದ ಹನ್ನೆರಡೂವರೆ ಒಳ್ಳೆಯ ಹೊತ್ತು. ಬೆಣ್ಣೆದೋಸೆ ತಿಂದೇ ಬರಲು ಹೇಳಿ. ಹಸಿದ ಹೊಟ್ಟೆಯಲ್ಲಿ ಗಮನ ತಪ್ಪುತ್ತದೆ. ಅಡಿಕೆ ಕೊಯ್ಲಿನ ದಿನಗಳಲ್ಲಿ ತೋಟದವರು ಸಿಗುವುದಿಲ್ಲ. ಆಯುಧ ಪೂಜೆಗೆ ಎರಡು ಮೂರು ವಾರ ಮೊದಲು ಸೇರಿದರೆ ಚೆನ್ನ. ಎಲ್ಲರೂ ಮನೆಯ ಕತ್ತಿ, ಕತ್ತರಿ, ಕುಡುಗೋಲು ಹೊರಗೆ ತೆಗೆಯುವ ಕಾಲ ಅದು. ಪೂಜೆಯ ಹಿಂದಿನ ದಿನಗಳಲ್ಲಿ ಮಾತ್ರ ಬೇಡ, ಕುಲುಮೆಯವರಿಗೆ ಕೈ ಬಿಡುವಿರುವುದಿಲ್ಲ.

ಜಾಗ ಯಾರದಾದರೂ ಮನೆಯ ಅಂಗಳವೋ ತೋಟದ ಮನೆಯೋ ಆಗಿರಲಿ. ನೆರಳು, ಸಮತಟ್ಟಾದ ನೆಲ, ನೀರಿನ ನಲ್ಲಿ, ಒಂದು ಗಟ್ಟಿ ಮೇಜು. ಇಷ್ಟಿದ್ದರೆ ಆಯಿತು. ಕುಂದವಾಡ ಕೆರೆಯ ದಂಡೆ, ಗಾಜಿನ ಮನೆ, ಪಾರ್ಕು ಚೆಂದವೇ. ಆದರೆ ಮಕ್ಕಳು ಓಡಾಡುವ ಕಡೆ ಹತ್ತು ಜನ ಚಾಕು ಬಿಚ್ಚಿ ಕೂತರೆ ನೋಡಿದವರಿಗೆ ಗಾಬರಿಯಾಗುತ್ತದೆ. ಅವರ ತಪ್ಪೇನೂ ಇಲ್ಲ. ಚಿತ್ರದುರ್ಗದವರಿಗೂ ಇದೇ ಮಾತು. ಕೋಟೆಯ ಮೇಲೆ ಸೇರೋಣ ಎಂದು ಯಾರಾದರೂ ಹೇಳುತ್ತಾರೆ. ಬೇಡ, ಅದು ಸಂರಕ್ಷಿತ ಸ್ಮಾರಕ.

ಅಕ್ಕಪಕ್ಕದ ಮನೆಗೆ ಎರಡು ದಿನ ಮೊದಲೇ ತಿಳಿಸಿ. 'ಚಾಕು ಮೀಟಿಂಗ್' ಎಂದರೆ ಹೆದರುತ್ತಾರೆ. 'ಅಕ್ಕಾ, ಭಾನುವಾರ ನಮ್ಮನೇಲಿ ಸಾಣೆ ಹಿಡೀತೀವಿ, ನಿಮ್ಮ ಮೊಂಡು ಚಾಕು, ಕತ್ತರಿ ಇದ್ರೆ ಕೊಡಿ' ಎಂದು ಕೇಳಿ. ನಮ್ಮ ಕೂಟಕ್ಕೆ ಸಾಣೆ ಕೂಟ ಎಂದು ಹೆಸರು ಬಂದದ್ದೇ ಹೀಗೆ. ಈಗ ಓಣಿಯವರೇ 'ಮುಂದಿನದು ಯಾವಾಗ' ಎಂದು ಕೇಳುತ್ತಾರೆ.

ಕಾನೂನು ತಿಳಿದಿರಲಿ

ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ 2016ರಲ್ಲಿ ಬಂದ ನಿಯಮಗಳು ಖಡ್ಗ, ಕಠಾರಿ, ಭರ್ಜಿ ಮತ್ತು 9 ಇಂಚಿಗಿಂತ ಉದ್ದ ಅಥವಾ 2 ಇಂಚಿಗಿಂತ ಅಗಲದ ಅಲಗಿರುವ ಚಾಕುಗಳನ್ನು ಆಯುಧಗಳ ಪಟ್ಟಿಯಲ್ಲಿ ಇಟ್ಟಿವೆ. ಮನೆಗೆಲಸ, ಬೇಸಾಯ, ವಿಜ್ಞಾನ, ಕೈಗಾರಿಕೆಗೆಂದೇ ಮಾಡಿದವು ಈ ಪಟ್ಟಿಗೆ ಬರುವುದಿಲ್ಲ. ಹಾಗಾಗಿ ಈಳಿಗೆಮಣೆ, ಕುಡುಗೋಲು, ಅಡುಗೆ ಚಾಕು ತರಬಹುದು. ಖಡ್ಗ, ಕಠಾರಿ, ಗುಂಡಿ ಒತ್ತಿದರೆ ಚಿಮ್ಮುವ ಚಾಕು ಬೇಡ. ನಮ್ಮ ಕೂಟದಲ್ಲಿ ಮಡಚುವ ಚಾಕುವಿನ ಅಲಗು 4 ಇಂಚಿನೊಳಗೆ ಇರಬೇಕು ಎಂದು ನಾವೇ ಗೆರೆ ಎಳೆದುಕೊಂಡಿದ್ದೇವೆ.

ಚುನಾವಣೆ, ಗಣೇಶ ವಿಸರ್ಜನೆಯ ಮೆರವಣಿಗೆ, ಊರಲ್ಲಿ ಏನಾದರೂ ಗಲಾಟೆ ಇರುವ ದಿನಗಳಲ್ಲಿ ಕೂಟವನ್ನು ಮುಂದೆ ಹಾಕಿ. ಹಿಂದೆ 144ನೇ ಸೆಕ್ಷನ್ ಎನ್ನುತ್ತಿದ್ದ ನಿಷೇಧಾಜ್ಞೆ, 2024ರ ಜುಲೈನಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಸೆಕ್ಷನ್ ಕೆಳಗೆ ಬರುತ್ತದೆ. ಅದು ಜಾರಿಯಲ್ಲಿದ್ದಾಗ ಆಯುಧ ಹಿಡಿದು ಓಡಾಡುವುದಕ್ಕೂ, ಗುಂಪು ಸೇರುವುದಕ್ಕೂ ತಡೆ ಇರಬಹುದು. ನಿಮ್ಮ ಠಾಣೆಗೆ ಒಮ್ಮೆ ಹೋಗಿ ದಿನ, ಜಾಗ, ಎಷ್ಟು ಜನ, ಏನು ಕೆಲಸ ಎಂದು ಒಂದು ಹಾಳೆಯಲ್ಲಿ ಬರೆದು ಕೊಟ್ಟು ಬಂದರೆ ನೆಮ್ಮದಿ.

ತರುವಾಗ ಅಲಗಿಗೆ ಒರೆ ಇರಬೇಕು. ಇಲ್ಲದಿದ್ದರೆ ರಟ್ಟು ಮಡಚಿ ಸುತ್ತಿ, ಮೇಲೆ ಬಟ್ಟೆ ಕಟ್ಟಿ, ಡಬ್ಬಿಯಲ್ಲಿ ಹಾಕಿ ಬ್ಯಾಗಿನ ತಳಕ್ಕೆ ಇಡಿ. ಸೊಂಟಕ್ಕೆ ಸಿಕ್ಕಿಸಿಕೊಂಡು ಬಸ್ ಹತ್ತುವುದು, ಬೈಕಿಗೆ ನೇತುಹಾಕಿಕೊಂಡು ಬರುವುದು ಬೇಡವೇ ಬೇಡ. ಮಚ್ಚು ಹಿಡಿದು ರೀಲ್ಸ್ ಮಾಡಿದವರ ಮೇಲೆ ನಮ್ಮ ರಾಜ್ಯದಲ್ಲೇ ಕೇಸುಗಳಾಗಿವೆ. ಫೋಟೊ ತೆಗೆಯುವುದಾದರೆ ಮೇಜಿನ ಮೇಲಿಟ್ಟು ತೆಗೆಯಿರಿ.

ಕೈಯಿಂದ ಕೈಗೆ ಕೊಡಬೇಡಿ

ಚಾಕುವನ್ನು ಕೈಗೆ ಕೊಟ್ಟರೆ ಜಗಳ ಆಗುತ್ತದೆ ಎಂದು ಮನೆಯ ಹಿರಿಯರು ಹೇಳುತ್ತಿದ್ದರು. ಕೆಳಗೆ ಇಡಬೇಕು, ಬೇಕಾದವರು ಎತ್ತಿಕೊಳ್ಳಬೇಕು. ಚಿಕ್ಕವನಿದ್ದಾಗ ಅದನ್ನು ಬರೀ ನಂಬಿಕೆ ಅಂದುಕೊಂಡಿದ್ದೆ. ಈಗ ಅನ್ನಿಸುತ್ತದೆ, ಇಷ್ಟು ಒಳ್ಳೆಯ ಸುರಕ್ಷತಾ ನಿಯಮ ಇನ್ನೊಂದಿಲ್ಲ. ಕೊಡುವವರು ಬಿಟ್ಟರೋ, ತೆಗೆದುಕೊಳ್ಳುವವರು ಹಿಡಿದರೋ ಎಂಬ ಗೊಂದಲದಲ್ಲೇ ಬೆರಳು ಕೊಯ್ಯುವುದು. ನಮ್ಮ ಕೂಟದ ಮೊದಲ ನಿಯಮ ಇದೇ: ಮೇಜಿನ ಮೇಲೆ ಇಡಿ, ಹಿಡಿ ಎದುರಿನವರ ಕಡೆಗಿರಲಿ, ಅವರು ಎತ್ತಿಕೊಳ್ಳಲಿ.

ಬೀಳುವ ಚಾಕುವನ್ನು ಹಿಡಿಯಲು ಹೋಗಬೇಡಿ, ಕಾಲು ಹಿಂದೆ ತೆಗೆಯಿರಿ. ಎಸೆಯುವ ಆಟ ಇಲ್ಲ. ಕುಡಿದು ಬಂದವರಿಗೆ ಜಾಗ ಇಲ್ಲ. ಮಕ್ಕಳು ಬಂದರೆ ಅಪ್ಪ ಅಮ್ಮನ ಪಕ್ಕ ಕೂತು ನೋಡಲಿ.

ಒಂದು ಡಬ್ಬಿಯಲ್ಲಿ ಶುದ್ಧ ಹತ್ತಿ ಬಟ್ಟೆ, ಬ್ಯಾಂಡೇಜು, ಟೇಪು ಇಟ್ಟಿರಿ. ಕೊಯ್ದರೆ ನೀರಿನಲ್ಲಿ ತೊಳೆದು, ಬಟ್ಟೆ ಒತ್ತಿ ಹಿಡಿದು, ಕೈ ಮೇಲೆತ್ತಿ ಕೂರಬೇಕು. ಕಾಫಿ ಪುಡಿ, ಅರಿಶಿನ ತುಂಬಬೇಡಿ, ಗಾಯ ಹೊಲಿಯುವ ಡಾಕ್ಟರಿಗೆ ಅದನ್ನು ತೊಳೆಯುವುದೇ ಕೆಲಸವಾಗುತ್ತದೆ. ಹತ್ತು ಹದಿನೈದು ನಿಮಿಷ ಒತ್ತಿದರೂ ರಕ್ತ ನಿಲ್ಲದಿದ್ದರೆ ಆಸ್ಪತ್ರೆಗೆ ಹೊರಡಿ, ಬೇಕಾದರೆ 108ಕ್ಕೆ ಫೋನ್ ಮಾಡಿ. ಟಿಟಿ ಚುಚ್ಚುಮದ್ದು ಯಾವಾಗ ಆಗಿತ್ತು ಎಂದು ಕೇಳಿಕೊಳ್ಳಿ. ತುಕ್ಕು ಹಿಡಿದ ಕುಡುಗೋಲು ತಾಗಿದವರು ಇದನ್ನು ತಪ್ಪಿಸಬಾರದು.

ಕಲ್ಲಿನ ಮುಂದೆ

ಈಗ ಕೂಟದ ಜೀವಾಳಕ್ಕೆ ಬರೋಣ. ಹಾರ್ಡ್‌ವೇರ್ ಅಂಗಡಿಯಲ್ಲಿ ಒಂದು ಬದಿ ಒರಟು, ಇನ್ನೊಂದು ಬದಿ ನುಣುಪಾದ ಕಾರ್ಬೊರಂಡಮ್ ಕಲ್ಲು ಸಿಗುತ್ತದೆ. ಶುರುವಿಗೆ ಅದು ಸಾಕು. ಕೂಡಿಡುವ ಹುಡುಗರ ಹತ್ತಿರ 1000, 3000 ಗ್ರಿಟ್‌ನ ನೀರುಗಲ್ಲು ಇದ್ದರೆ ತರಲು ಹೇಳಿ. ಗ್ರಿಟ್ ಸಂಖ್ಯೆ ದೊಡ್ಡದಾದಷ್ಟೂ ಕಲ್ಲು ನುಣುಪು. ನೆನೆಸಿ ಬಳಸುವ ಕಲ್ಲಾದರೆ ಗುಳ್ಳೆ ಏಳುವುದು ನಿಲ್ಲುವವರೆಗೆ, ಸುಮಾರು ಕಾಲು ಗಂಟೆ, ನೀರಿನಲ್ಲಿ ಮುಳುಗಿಸಿಡಿ. ಕೆಳಗೆ ಒದ್ದೆ ಬಟ್ಟೆ ಹಾಸಿದರೆ ಕಲ್ಲು ಜಾರುವುದಿಲ್ಲ.

ಎಲ್ಲರೂ ಎಡವುವುದು ಓರೆಯಲ್ಲಿ. ಅಡುಗೆ ಚಾಕುವಿಗೆ ಒಂದೊಂದು ಬದಿಗೆ 15ರಿಂದ 20 ಡಿಗ್ರಿ ಓರೆ ಬೇಕು. ಡಿಗ್ರಿ ಅಳೆಯುವ ಸಾಧನ ಬೇಡ. 4 ಸೆಂಟಿಮೀಟರ್ ಅಗಲದ ಅಲಗಾದರೆ, ಅದರ ಬೆನ್ನು ಕಲ್ಲಿನಿಂದ ಒಂದು ಸೆಂಟಿಮೀಟರಿಗಿಂತ ತುಸು ಮೇಲಿರಬೇಕು, ಅಂದರೆ ಹೆಚ್ಚುಕಡಿಮೆ ಕಿರುಬೆರಳಿನ ತುದಿ ತೂರುವಷ್ಟು. ಆ ಎತ್ತರ ಬದಲಾಗದಂತೆ ಬುಡದಿಂದ ಮೊನೆಯವರೆಗೆ ಉಜ್ಜಿ. ಜೋರು ಬೇಡ, ಒಂದೇ ಸಮ ಇರಲಿ.

ಸ್ವಲ್ಪ ಹೊತ್ತಿಗೆ ಅಲಗಿನ ಬಾಯಿಯ ಆಚೆ ಬದಿಗೆ ಕಣ್ಣಿಗೆ ಕಾಣದಷ್ಟು ಸಣ್ಣ ಸಿಬಿರು ಏಳುತ್ತದೆ. ಬೆನ್ನಿನಿಂದ ಬಾಯಿಯ ಕಡೆಗೆ ಬೆರಳು ಮೆಲ್ಲಗೆ ಸವರಿ ನೋಡಿ. ಬಾಯಿಯ ಉದ್ದಕ್ಕೆ ಸವರಬೇಡಿ. ದೊರಗು ತಗುಲಿದರೆ ಆ ಬದಿ ಆಯಿತು, ಮಗ್ಗುಲು ಬದಲಿಸಿ. ಸಿಬಿರು ಏಳುವ ಮೊದಲೇ ಬದಲಿಸುವುದರಿಂದಲೇ ಎಷ್ಟೋ ಜನರಿಗೆ 'ನಾನು ಎಷ್ಟು ಉಜ್ಜಿದರೂ ಹರಿತ ಬರಲ್ಲ' ಅನ್ನಿಸುವುದು. ಎರಡೂ ಬದಿ ಆದ ಮೇಲೆ ನುಣುಪಿನ ಕಲ್ಲು, ಕೊನೆಗೆ ಹಳೆಯ ಚರ್ಮದ ಬೆಲ್ಟು. ಬೆಲ್ಟಿನ ಮೇಲೆ ಬೆನ್ನು ಮುಂದಾಗಿ ಎಳೆಯಬೇಕು, ಬಾಯಿ ಮುಂದಾದರೆ ಚರ್ಮ ಕೊಯ್ಯುತ್ತದೆ. ಕ್ಷೌರದವರನ್ನು ಕರೆಯಲು ಹೇಳಿದ್ದು ಇದಕ್ಕೇ. ಚರ್ಮದ ಪಟ್ಟಿಯ ಮೇಲೆ ಕತ್ತಿ ಮಸೆಯುವ ಆ ಮಣಿಕಟ್ಟಿನ ತಿರುವನ್ನು ನೋಡಿಯೇ ಕಲಿಯಬೇಕು.

ಕುಡುಗೋಲಿನ ಲೆಕ್ಕ ಬೇರೆ. ಹಲ್ಲಿರುವ ಕುಡುಗೋಲಿಗೆ ಕಕ್ಕು ಹಾಕಿಸಬೇಕು, ಅಂದರೆ ಸವೆದ ಹಲ್ಲನ್ನು ಮತ್ತೆ ಮೂಡಿಸಬೇಕು, ಅದು ಕಮ್ಮಾರರ ಕೈಗೇ ಬಿಡಿ. ಈಳಿಗೆಮಣೆಯನ್ನು ಕಲ್ಲಿನ ಹತ್ತಿರ ತರುವುದಲ್ಲ, ಸಣ್ಣ ಕಲ್ಲನ್ನೇ ಅದರ ಹತ್ತಿರ ಒಯ್ಯಬೇಕು. ಮಣೆಯನ್ನು ಇನ್ನೊಬ್ಬರು ಗಟ್ಟಿಯಾಗಿ ಹಿಡಿದಿರಲಿ.

ಚಕ್ರದ ಸಾಣೆಯ ಬಗ್ಗೆ ಒಂದು ಎಚ್ಚರಿಕೆ. ಒಣ ಚಕ್ರಕ್ಕೆ ಜೋರಾಗಿ ಒತ್ತಿದರೆ ಅಲಗು ಕಾದು ಬಾಯಿ ನೀಲಿಗಟ್ಟುತ್ತದೆ. ನೀಲಿ ಬಂತೆಂದರೆ ಅಲ್ಲಿ ಹದ ಹೋಯಿತು, ಇನ್ನು ಎಷ್ಟು ಮಸೆದರೂ ಹರಿತ ನಿಲ್ಲುವುದಿಲ್ಲ. ಮೇಲಿಂದ ಮೇಲೆ ನೀರಿಗೆ ಅದ್ದುತ್ತಾ, ಹಗುರವಾಗಿ ತಾಗಿಸಬೇಕು.

ಹದ ಎಂದರೇನು? ಇಲ್ಲಿ ಕಮ್ಮಾರರು ಮಾತಾಡಲಿ, ಉಳಿದವರು ಕೇಳಿ. ಅನೇಕ ಕುಲುಮೆಗಳಲ್ಲಿ ಕತ್ತಿ ಮಾಡುವುದು ಹಳೆಯ ಲಾರಿಯ ಕಮಾನ್ ಪಟ್ಟಿಯಿಂದ. ಅದರಲ್ಲಿ ಇಂಗಾಲ ಸುಮಾರು ಅರ್ಧ ಪರ್ಸೆಂಟು ಇರುತ್ತದೆ. ಕೆಂಪಗೆ ಕಾಯಿಸುತ್ತಾ ಹೋದರೆ, ಸುಮಾರು 770 ಡಿಗ್ರಿಯಲ್ಲಿ ಉಕ್ಕಿಗೆ ಅಯಸ್ಕಾಂತ ಹಿಡಿಯುವುದು ನಿಲ್ಲುತ್ತದೆ. ಅದಕ್ಕಿಂತ ಸ್ವಲ್ಪ ಮೇಲೆ ಕಾಯಿಸಿ ಎಣ್ಣೆಗೆ ಅದ್ದಿದರೆ ಉಕ್ಕು ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ ಪೆಡಸು. ಮತ್ತೆ 200 ಡಿಗ್ರಿಯ ಆಸುಪಾಸಿಗೆ ಕಾಯಿಸಿದರೆ ಪೆಡಸುತನ ಇಳಿದು, ಸುಲಭವಾಗಿ ಮುರಿಯದ ಗುಣ ಬರುತ್ತದೆ. ಕಮ್ಮಾರರು ಇದನ್ನೆಲ್ಲ ಬಣ್ಣ ನೋಡಿಯೇ ಹೇಳುತ್ತಾರೆ. ನಮ್ಮ ಕೂಟಕ್ಕೆ ಬಂದ ಹಿರಿಯರೊಬ್ಬರು ಕಾಯಿಸುವ ಕೆಲಸ ನೆರಳಲ್ಲೇ ಆಗಬೇಕು ಎಂದರು. ಬಿಸಿಲಲ್ಲಿ ಕೆಂಪಿನ ಬಣ್ಣ ಮೋಸ ಮಾಡುತ್ತದಂತೆ. ಅಂದು ನಾವು ಮೂವರು ಮೊಬೈಲ್ ಪಕ್ಕಕ್ಕಿಟ್ಟು ನೋಟ್‌ಬುಕ್ ಹುಡುಕಿದೆವು.

ಮಂಡಕ್ಕಿ ಪರೀಕ್ಷೆ

ಹರಿತವಾಯಿತೇ ಎಂದು ನೋಡಲು ಕೈಯ ಕೂದಲು ಬೋಳಿಸುವವರಿದ್ದಾರೆ. ಬೇಡ. ನಮ್ಮೂರಿನಲ್ಲಿ ಇದಕ್ಕಿಂತ ಒಳ್ಳೆಯ ಪರೀಕ್ಷೆ ಇದೆ, ಮಂಡಕ್ಕಿ. ದೊಡ್ಡ ಪಾತ್ರೆ ಮಂಡಕ್ಕಿ ತನ್ನಿ. ಪ್ರತಿಯೊಬ್ಬರೂ ತಾವು ಮಸೆದ ಚಾಕುವನ್ನು ತೊಳೆದು, ಒರೆಸಿ, ಒಂದು ಈರುಳ್ಳಿ, ಒಂದು ಟೊಮೆಟೊ, ಒಂದು ಹಿಡಿ ಕೊತ್ತಂಬರಿ ಹೆಚ್ಚಬೇಕು. ಟೊಮೆಟೊ ಸಿಪ್ಪೆಯ ಮೇಲೆ ಒತ್ತದೆ ಸುಮ್ನೆ ಎಳೆದರೆ ಅಲಗು ಇಳಿಯಬೇಕು. ಕೊತ್ತಂಬರಿ ಕಪ್ಪಾಗಿ ನೀರು ಬಿಟ್ಟರೆ ಚಾಕು ಇನ್ನೂ ಜಜ್ಜುತ್ತಿದೆ ಎಂದರ್ಥ. ಚಿತ್ರದುರ್ಗ ಕಡೆಯ ಈರುಳ್ಳಿ ಹರಿತ ಅಲಗಿಗೆ ಪದರ ಪದರವಾಗಿ ಬಿಡುತ್ತದೆ, ಕಣ್ಣೂ ಕಡಿಮೆ ಉರಿಯುತ್ತದೆ. ಎಲ್ಲವನ್ನೂ ಮಂಡಕ್ಕಿಗೆ ಬೆರೆಸಿ, ಖಾರ, ಎಣ್ಣೆ, ನಿಂಬೆರಸ ಹಾಕಿ ಕಲಸಿ. ಜೊತೆಗೆ ಬಿಸಿ ಮಿರ್ಚಿ ಇದ್ದರೆ ಮಾತು ಬೇರೆಯೇ ರುಚಿ ಹಿಡಿಯುತ್ತದೆ.

ಒಮ್ಮೆ ನಮ್ಮಲ್ಲಿ ಒಬ್ಬರು ಇದೇ ಹುರುಪಿನಲ್ಲಿ ತೆಳ್ಳನೆಯ ಅಡುಗೆ ಚಾಕುವಿನಿಂದ ತೆಂಗಿನಕಾಯಿ ಒಡೆಯಲು ಹೋದರು. ಬಾಯಿ ಎರಡು ಕಡೆ ಮುಕ್ಕಾಯಿತು. ಕಾಯಿಗೆ ಮಚ್ಚು, ತರಕಾರಿಗೆ ಚಾಕು. ಒಂದರ ಕೆಲಸ ಇನ್ನೊಂದಕ್ಕೆ ಹೇಳಬಾರದು.

ನಿಂಬೆ, ಟೊಮೆಟೊ ಹೆಚ್ಚಿದ ಕಬ್ಬಿಣದ ಚಾಕುವನ್ನು ಕೂಡಲೇ ತೊಳೆದು ಒರೆಸಿ. ಅಲಗಿನ ಮೇಲೆ ಬೂದು ಬಣ್ಣ ಬಂದರೆ ಹೆದರಬೇಡಿ, ಅದು ತುಕ್ಕಲ್ಲ. ಕೆಂಪು ಪುಡಿ ಕಂಡರೆ ಮಾತ್ರ ಉಜ್ಜಿ ತೆಗೆಯಿರಿ. ಸ್ಟೇನ್‌ಲೆಸ್ ಉಕ್ಕಿನಲ್ಲಿ ಕನಿಷ್ಠ 10.5 ಪರ್ಸೆಂಟ್ ಕ್ರೋಮಿಯಂ ಇರುವುದರಿಂದ ಅದು ಬೇಗ ತುಕ್ಕು ಹಿಡಿಯುವುದಿಲ್ಲ. ಆದರೂ ರಾತ್ರಿಯಿಡೀ ಸಿಂಕಿನಲ್ಲಿ ನೆನೆಯಲು ಬಿಡಬೇಡಿ.

ಎದ್ದೇಳುವ ಮುಂಚೆ

ಬಂದಾಗಲೇ ಯಾರು ಏನೇನು ತಂದರು ಎಂದು ಒಂದು ಹಾಳೆಯಲ್ಲಿ ಬರೆದಿಟ್ಟಿರಬೇಕು. ಹೊರಡುವಾಗ ಆ ಹಾಳೆ ಹಿಡಿದು ಒಂದೊಂದನ್ನೂ ಎಣಿಸಿ, ಒರೆಗೆ ಹಾಕಿಸಿ, ಕಟ್ಟಿಸಿ. ಓಣಿಯ ಮನೆಗಳ ಚಾಕು, ಕತ್ತರಿಗಳನ್ನು ನೀವೇ ಹೋಗಿ ಕೊಟ್ಟು, 'ಮೊದಲಿಗಿಂತ ತುಂಬಾ ಹರಿತ ಇದೆ, ಹುಷಾರು' ಎಂದು ಹೇಳಿ ಬನ್ನಿ. ಮೊಂಡು ಚಾಕುವಿಗೆ ಒಗ್ಗಿದ ಕೈ ಮೊದಲ ದಿನ ಜಾಸ್ತಿ ಒತ್ತುತ್ತದೆ.

ಹೋದ ಸಲ ಎಣಿಸಿದಾಗ ಒಂದು ಕಡಿಮೆ ಬಂತು. ಅರ್ಧ ಗಂಟೆ ಹುಡುಕಿದೆವು. ಈರುಳ್ಳಿ ಸಿಪ್ಪೆಯ ರಾಶಿಯ ಕೆಳಗಿತ್ತು. ಹಾಗೇ ಕಸದ ಚೀಲಕ್ಕೆ ಹೋಗಿದ್ದರೆ ಮರುದಿನ ಬೆಳಿಗ್ಗೆ ಪೌರಕಾರ್ಮಿಕರ ಕೈಗೆ ತಾಗುತ್ತಿತ್ತು. ಈಗ ನಾವು ಸಿಪ್ಪೆಯನ್ನು ಹಾಳೆಯ ಮೇಲೆ ಹರಡಿ, ಕೋಲಿನಿಂದ ಕೆದಕಿ ನೋಡಿದ ಮೇಲೆಯೇ ಚೀಲ ಕಟ್ಟುತ್ತೇವೆ.