ಮಳೆಗೆ ನಿಂತ ಕೆತ್ತನೆಗೆ ನಾನು ಹಚ್ಚಿದ್ದು

ತೀರ್ಥಹಳ್ಳಿ ಕಡೆಯ ಹೋಂಸ್ಟೇ ಗೇಟಿನ ಮೇಲೆ ನಾನು ಕೆತ್ತಿದ ಸಾಗುವಾನಿ ಗಂಡಭೇರುಂಡ ಇದೆ. ನಾಲ್ಕು ಮಳೆಗಾಲ ಕಳೆಯಿತು, ಎಲ್ಲೂ ಸಿಪ್ಪೆ ಎದ್ದಿಲ್ಲ. "ಪಿಯು (ಪಾಲಿಯುರೆಥೇನ್ ಪಾಲಿಶ್) ಹೊಡೆಸಿ ಕೈತೊಳ್ಕೋ" ಎಂದವರಿಗೆಲ್ಲ ಈಗ ಫೋಟೋ ಕಳಿಸುತ್ತಿದ್ದೇನೆ.

ಪಿಯು ಹೊಡೆಸಿಯೂ ನೋಡಿದ್ದೆ. ಇದೇ ಗೇಟಿಗೆ, ಇದಕ್ಕಿಂತ ಮೊದಲಿನ ಹಕ್ಕಿಗೆ. ಐದು ಕೋಟು, ಕನ್ನಡಿ ಹೊಳಪು, ಮಾಲೀಕರಿಗೆ ಖುಷಿಯೋ ಖುಷಿ. ಎರಡನೇ ವರ್ಷದ ಆರಿದ್ರಾ ಮಳೆಗೆ ರೆಕ್ಕೆಯ ಅಂಚು ಬಿಳಿಚಿತು. ದೀಪಾವಳಿ ಹೊತ್ತಿಗೆ ಉಗುರಲ್ಲಿ ಎತ್ತಿದರೆ ಹಾಳೆ ಹಾಳೆಯಾಗಿ ಬರುತ್ತಿತ್ತು, ಅಡಿಯಲ್ಲಿ ಮರ ಕಪ್ಪು. ಒಂದೊಂದು ಗರಿಯ ಸಂದಿಯಿಂದ ಅದನ್ನು ಕೆರೆದು ತೆಗೆಯಲು ಹನ್ನೊಂದು ದಿನ ಬೇಕಾಯಿತು. ಗರಿಯ ಗೆರೆಗಳೇ ಅರ್ಧ ಸವೆದು ಹೋದವು. ಕೊನೆಗೆ ಹೊಸ ಹಲಗೆಯಲ್ಲಿ ಮತ್ತೆ ಕೆತ್ತಿಕೊಟ್ಟೆ. ಎಲ್ಲ ಸೇರಿ ಇಪ್ಪತ್ತೆರಡು ಸಾವಿರದ ಹತ್ತಿರ ನನ್ನ ಕೈಯಿಂದಲೇ ಹೋಯಿತು.

ಪಿಯು ಕೆಟ್ಟದ್ದು ಅಂತಲ್ಲ. ದೇವರ ಮಂಟಪಕ್ಕೆ, ಒಳಬಾಗಿಲಿಗೆ ನಾನೂ ಅದನ್ನೇ ಹೊಡೆಸುವುದು. ಆದರೆ ಹೊರಗೆ, ಆ ಗಾಜಿನಂಥ ಪದರ ಬಿಸಿಲನ್ನು ಒಳಗೆ ಬಿಡುತ್ತದೆ. ಅಡಿಯ ಮರದ ಮೈ ಪುಡಿಯಾದ ಮೇಲೆ ಪದರಕ್ಕೆ ಹಿಡಿಯಲು ಏನಿದೆ? ಸಾಲದ್ದಕ್ಕೆ, ಹಲಗೆಯ ಕೆಳಗಿನ ಅಂಚಿಗೆ ಯಾರೂ ಬ್ರಷ್ ಮುಟ್ಟಿಸಿರಲಿಲ್ಲ. ನೀರು ಅಲ್ಲಿಂದಲೇ ಹತ್ತಿತ್ತು.

ಆಮೇಲೆ ಅಗಸೆ ಎಣ್ಣೆ. ಹಸಿ ಎಣ್ಣೆ ವಾರವಾದರೂ ಅಂಟಂಟು, ಮಳೆ ಶುರುವಾದ ಮೇಲೆ ಮೈತುಂಬ ಬೂಷ್ಟು. ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೆದಿದ್ದೆ, ಸಂಜೆಗೆ ಹೊಗೆ ಬರುತ್ತಿತ್ತು! ಈಗ ಬಿಡಿಸಿ ಬೇಲಿ ಮೇಲೆ ಒಣಹಾಕುತ್ತೇನೆ. ಗೇರುಸಿಪ್ಪೆ ಎಣ್ಣೆಯೂ ಆಯಿತು. ಅಪ್ಪ ತೊಲೆಗಳಿಗೆ ಹಚ್ಚುತ್ತಿದ್ದರು. ಹುಳ ಮುಟ್ಟುವುದಿಲ್ಲ, ಆದರೆ ಮರ ಕಾಡಿಗೆಯಾಗುತ್ತದೆ, ಕೈಗೆ ತಾಗಿದರೆ ಬೊಬ್ಬೆ ಏಳುತ್ತದೆ. ಕೆತ್ತನೆ ಕಾಣಬೇಕಲ್ವಾ?

ಕೊನೆಗೆ ಹಿಡಿದದ್ದು ದೋಣಿಗೆ ಹಚ್ಚುವ ವಾರ್ನಿಶ್, ಬಿಸಿಲು ತಡೆಯುವಂಥದ್ದು. ಮಂಗಳೂರಿಂದ ತರಿಸಿದ್ದು, ಆಗ ಲೀಟರಿಗೆ ಒಂಬೈನೂರೋ ಸಾವಿರವೋ. ಅದನ್ನು ಬಳಿಯಲಿಲ್ಲ, ಕುಡಿಸಿದೆ. ಮೊದಲ ಕೋಟು ಅರ್ಧಕ್ಕರ್ಧ ಟರ್ಪೆಂಟೈನ್. ಇಪ್ಪತ್ತು ನಿಮಿಷ ಬಿಟ್ಟು, ಹಳೇ ಬನಿಯನ್ ಬಟ್ಟೆಯಲ್ಲಿ ಪೂರ್ತಿ ಒರೆಸು. ಮಾರನೇ ದಿನ ಮತ್ತೆ. ಮೂರನೆಯದರಿಂದ ಮೂರು ಪಾಲು ವಾರ್ನಿಶ್‌ಗೆ ಒಂದು ಪಾಲು ಟರ್ಪೆಂಟೈನ್. ಒಟ್ಟು ಏಳು ಸಲ. ಸಂದಿಯಲ್ಲಿ ಒಂದು ತೊಟ್ಟೂ ನಿಲ್ಲಬಾರದು. "ಮರಕ್ಕೆ ಎಣ್ಣೆಸ್ನಾನವಾ ಭಾವ, ಸೀಗೆಪುಡಿ ತರಲಾ?" ಎಂದು ನನ್ನ ಹೆಂಡತಿಯ ತಮ್ಮ ನಕ್ಕಿದ್ದ.

ಅಡ್ಡ ಕೊಯ್ದ ಬದಿಗಳಿಗೆ ಮಾತ್ರ, ಮರ ಸಾಕು ಎನ್ನುವವರೆಗೆ. ಎರಡು ತುದಿಗಳೇ ಕಾಲು ಲೀಟರ್ ಕುಡಿದವು. ಬೆನ್ನಿಗೂ ಅಷ್ಟೇ ಕೋಟು, ಇಲ್ಲದಿದ್ದರೆ ಹಲಗೆ ಸೊಟ್ಟಗಾಗುತ್ತದೆ. ಕೆಳಗೆ ನೀರು ತೊಟ್ಟಿಕ್ಕಲು ಉದ್ದಕ್ಕೆ ತೋಡಿದ ಒಂದು ಗೆರೆ, ಕಂಬಕ್ಕೂ ಹಲಗೆಗೂ ನಡುವೆ ಬೆರಳು ತೂರುವಷ್ಟು ಜಾಗ. ಈ ಕೆಲಸವೆಲ್ಲ ಫೆಬ್ರವರಿ, ಮಾರ್ಚಲ್ಲೇ.

ಪೂರ್ತಿ ಬಣ್ಣವಿಲ್ಲದ ವಾರ್ನಿಶ್ ನಾನು ಹಚ್ಚುವುದಿಲ್ಲ. ಚಿಟಿಕೆ ಕಂದು ಪುಡಿ ಸೇರಿಸುತ್ತೇನೆ, ಬಿಸಿಲಿಗೆ ಅದೇ ಕೊಡೆ. ಯಾವ ಪುಡಿ, ಎಷ್ಟು ಅಂತ ಮಾತ್ರ ಕೇಳಬೇಡಿ, ಹೊಟ್ಟೆಪಾಡು. ಬೂಷ್ಟಿಗೆ ಹಾಕುವುದನ್ನೂ ಹೇಳುವುದಿಲ್ಲ.

ಹೊಳಪು ಬರುವುದಿಲ್ಲ, ಇದು ಗಿರಾಕಿಗೆ ಮೊದಲೇ ಹೇಳಿ. ಪ್ರತಿ ಮೇ ತಿಂಗಳು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಒಂದು ತೆಳು ಕೋಟು. ನನ್ನ ಕೈಕೆಲಸ ಒಂದು ಗಂಟೆಯದ್ದು, ಸಾವಿರದೈನೂರು ತೆಗೆದುಕೊಳ್ಳುತ್ತೇನೆ. ಕೆರೆಯುವ ಮಾತೇ ಇಲ್ಲ.

ಇದೆಲ್ಲ ಸಾಗುವಾನಿಯ ಮಾತು. ಶಿವಣೆ ಮತ್ತು ಹಲಸಿನ ಮರದ ಒಂದೊಂದು ತುಂಡನ್ನು ಪರೀಕ್ಷೆಗೆಂದು ಕೊಟ್ಟಿಗೆ ಮಾಡಿನ ಮೇಲೆ ಇಟ್ಟಿದ್ದೇನೆ. ಹಲಸು ಪರವಾಗಿಲ್ಲ. ಶಿವಣೆಯ ಒಂದು ಮೂಲೆ ಆಗಲೇ ಕಪ್ಪಾಗುತ್ತಿದೆ.