ಸಾರಾಗಢಿಯ ಕನ್ನಡಿ: ಶಾಲೆಯ ಮೈದಾನದಲ್ಲಿ ಹೀಲಿಯೋಗ್ರಾಫ್ ಮಾಡಿಸುವುದು ಹೀಗೆ

ಸಾರಾಗಢಿ ಅಂದ ಕೂಡಲೇ ಮಕ್ಕಳು ಕೇಳುವುದು ಬಂದೂಕಿನ ಕಥೆ. ನಾನು ವಿಜ್ಞಾನದ ಮೇಷ್ಟ್ರು, ಹಾಗಾಗಿ ಕನ್ನಡಿಯಿಂದ ಶುರು ಮಾಡುತ್ತೇನೆ. 1897ರ ಸೆಪ್ಟೆಂಬರ್ 12ರಂದು, ಪಠಾಣರು ಮುತ್ತಿದ ಆ ಬ್ರಿಟಿಷ್ ಸೇನಾ ಠಾಣೆಯೊಳಗೆ ಏನೇನಾಯಿತು ಎಂದು ಹೊರಗೆ ತಿಳಿದದ್ದು ಸಿಪಾಯಿ ಗುರ್ಮುಖ್ ಸಿಂಗ್ ಕನ್ನಡಿ ಹಿಡಿದು ಕಳಿಸಿದ ಸುದ್ದಿಯಿಂದ. ಕನ್ನಡಿಯಿಂದ ಬಿಸಿಲು ಮಿನುಗಿಸಿ ದೂರಕ್ಕೆ ಸುದ್ದಿ ಕಳಿಸುವ ಆ ಉಪಕರಣವೇ ಹೀಲಿಯೋಗ್ರಾಫ್.

ಮೊದಲು ಜಾಗ ಅರ್ಥವಾಗಬೇಕು. ಸಮಾನಾ ಬೆಟ್ಟಸಾಲು ಈಗ ಪಾಕಿಸ್ತಾನದಲ್ಲಿದೆ. ಅದರ ಮೇಲೆ ಲಾಕ್‌ಹಾರ್ಟ್ ಮತ್ತು ಗುಲಿಸ್ತಾನ್ ಎಂಬ ಎರಡು ಕೋಟೆ. ಒಂದರಿಂದ ಇನ್ನೊಂದು ಕಾಣುವುದಿಲ್ಲ. ಎರಡೂ ಕಾಣುವ ನಡುವಿನ ದಿಬ್ಬವೇ ಸಾರಾಗಢಿ. ಅಲ್ಲಿದ್ದವರು 36ನೇ ಸಿಖ್ ರೆಜಿಮೆಂಟಿನ 21 ಜನ, ಮುಂದಾಳು ಹವಿಲ್ದಾರ್ ಈಶರ್ ಸಿಂಗ್. ಇದನ್ನು ಬೋರ್ಡಿನ ಮೇಲೆ ಬರೆಯಬೇಡಿ. ಎರಡು ಗುಂಪನ್ನು ಶಾಲೆ ಕಟ್ಟಡದ ಎರಡು ಪಕ್ಕಕ್ಕೆ ನಿಲ್ಲಿಸಿ. ಮೂರನೇ ಗುಂಪು ಇಬ್ಬರಿಗೂ ಕಾಣುವ ಮೂಲೆಯಲ್ಲಿರಲಿ. ಆ ಮೂಲೆಯನ್ನೇ ಶತ್ರು ಯಾಕೆ ಹಿಡಿಯಲು ನೋಡಿದ ಎಂದು ಮಕ್ಕಳೇ ಹೇಳುತ್ತಾರೆ.

ಈಗ ಕನ್ನಡಿ. ಅಂಗೈಯಗಲದ್ದು ಸಾಕು. ಹಿಂಬದಿಯ ಲೇಪವನ್ನು ನಡುಮಧ್ಯದಲ್ಲಿ ಹೆಸರುಕಾಳಿನಷ್ಟು ಮಾತ್ರ ಕೆರೆದು ತೆಗೆಯಿರಿ. ಕನ್ನಡಿಯನ್ನು ಅತ್ತಿತ್ತ ವಾಲಿಸಲು ಬರುವಂತೆ ಸ್ಟ್ಯಾಂಡಿಗೆ ಕಟ್ಟಿ. ಒಂದು ಗೇಣು ಮುಂದೆ ಒಂದು ಕಡ್ಡಿ ನೆಡಿ. ಹಿಂದಿನಿಂದ ಆ ತೂತಿನಲ್ಲಿ ನೋಡಿದರೆ ಕಡ್ಡಿಯ ತುದಿ ಮತ್ತು ಎದುರು ಗುಂಪು ಒಂದೇ ಗೆರೆಯಲ್ಲಿರಬೇಕು. ಆಮೇಲೆ ಕನ್ನಡಿ ವಾಲಿಸಿ. ಪ್ರತಿಫಲಿಸಿದ ಬೆಳಕಿನ ನಡುವೆ ತೂತಿನ ಪುಟ್ಟ ಕಪ್ಪು ಚುಕ್ಕೆ ಇರುತ್ತದೆ. ಅದು ಕಡ್ಡಿಯ ತುದಿಗೆ ಬಿದ್ದರೆ ಗುರಿ ಸಿಕ್ಕಿತು. ಕನ್ನಡಿಯ ಮುಂದೆ ರಟ್ಟು ಸರಿಸಿ ಮೋರ್ಸ್, ಅಂದರೆ ಗಿಡ್ಡ ಮತ್ತು ಉದ್ದ ಮಿನುಗುಗಳ ಅಕ್ಷರ ಸಂಕೇತ, ಕಳಿಸಬಹುದು. ಸೂರ್ಯ ಬೆನ್ನ ಹಿಂದಿದ್ದರೆ ಬೆಳಕು ತಿರುಗಿಸಲು ಇನ್ನೊಂದು ಕನ್ನಡಿ ಬೇಕು.

ಒಂದು ಎಚ್ಚರಿಕೆ. ಸೂರ್ಯನನ್ನು ಯಾರೂ ನೇರ ನೋಡಬಾರದು. ಬೆಳಕು ಪಡೆಯುವವರು ಬಿಳಿ ಪಂಚೆ ಹಿಡಿದು, ಅದರ ಮೇಲಿನ ಮಿನುಗನ್ನು ಓದಲಿ. ದುರ್ಬೀನು ಬೇಡವೇ ಬೇಡ. ರಸ್ತೆ ಕಡೆಗೂ ಕನ್ನಡಿ ತಿರುಗಿಸಬೇಡಿ.

ಸ್ವಲ್ಪ ಹೊತ್ತಿಗೇ ಮಕ್ಕಳು ಗೊಣಗುತ್ತಾರೆ: ಬೆಳಕು ಜಾರಿತು! ಸೂರ್ಯ 4 ನಿಮಿಷಕ್ಕೆ 1 ಡಿಗ್ರಿ ಸರಿಯುತ್ತಾನೆ. ಕಿಲೋಮೀಟರ್ ಆಚೆ ಬೆಳಕಿನ ಅಗಲ ಸುಮಾರು 9 ಮೀಟರ್ ಅಷ್ಟೇ. ಒಂದೆರಡು ನಿಮಿಷಕ್ಕೊಮ್ಮೆ ಗುರಿ ಸರಿಮಾಡುತ್ತಲೇ ಇರಬೇಕು. ನನ್ನ ಪ್ರಕಾರ ಪಾಠದ ಜೀವಾಳ ಇದೇ. ಗುರಿ ಸರಿಮಾಡುವುದು, ಕಳಿಸುವುದು, ಬಂದದ್ದನ್ನು ಓದುವುದು ಮೂರು ಜನರಿಗೆ ಹಂಚಿ. ಆಮೇಲೆ ಮೂರನ್ನೂ ಒಬ್ಬನಿಗೇ ಕೊಟ್ಟು, ಉಳಿದವರು ಸುತ್ತ ನಿಂತು ಗಲಾಟೆ ಮಾಡಲಿ. ಗುರ್ಮುಖ್ ಸಿಂಗ್ ಮಾಡಿದ್ದು ಒಂಟಿಯಾಗಿ, ಬೆಳಗ್ಗೆ ಸುಮಾರು 9ರಿಂದ ಮಧ್ಯಾಹ್ನದವರೆಗೆ, ಗುಂಡುಗಳ ನಡುವೆ. ಲಾಕ್‌ಹಾರ್ಟ್‌ನಲ್ಲಿದ್ದ ಕರ್ನಲ್ ಹಾಟನ್‌ಗೆ ಸುದ್ದಿ ಹೋಗುತ್ತಲೇ ಇತ್ತು, ಆದರೆ ನೆರವು ತಲುಪಲಾಗಲಿಲ್ಲ. ಕೊನೆಗೆ, ಕನ್ನಡಿ ಇಳಿಸಿ ಬಂದೂಕು ಹಿಡಿಯಲೇ ಎಂದು ಅಪ್ಪಣೆ ಕೇಳಿದ. ಸಿಕ್ಕಿತು. ಉಪಕರಣ ಬಿಚ್ಚಿ ಚರ್ಮದ ಚೀಲಕ್ಕೆ ಹಾಕಿ ಹೋರಾಡಲು ಹೋದ ಎನ್ನುತ್ತಾರೆ. ಆ 21 ಜನರಲ್ಲಿ ಯಾರೂ ಉಳಿಯಲಿಲ್ಲ. ಎಲ್ಲರಿಗೂ ಇಂಡಿಯನ್ ಆರ್ಡರ್ ಆಫ್ ಮೆರಿಟ್ ಕೊಟ್ಟರು.

ಕೋಲು ಹಿಡಿಸಿ ಯುದ್ಧ ಆಡಿಸಬೇಡಿ, ಸುಮ್ನೆ ತಮಾಷೆಯಾಗುತ್ತದೆ. ಮುತ್ತಿದವರು 10,000 ಎಂದು ಎಲ್ಲೆಡೆ ಬರೆಯುತ್ತಾರೆ. ಅದು ಅಂದಾಜು, ಸಾವಿರಾರು ಅಫ್ರಿದಿ, ಒರಕ್‌ಜಾಯಿ ಪಠಾಣರು ಎಂದರೆ ಸಾಕು ಅಲ್ವಾ? ಅವರೂ ತಮ್ಮ ನೆಲಕ್ಕೆ ಬಂದ ಬ್ರಿಟಿಷರ ವಿರುದ್ಧ ಎದ್ದವರು ಎನ್ನುವುದನ್ನೂ ಹೇಳಿ.

ನಮ್ಮ ಮಲೆನಾಡಲ್ಲಿ ಸೆಪ್ಟೆಂಬರ್ 12ರ ಬಿಸಿಲನ್ನು ನಂಬುವಂತಿಲ್ಲ. ಡಿಸೆಂಬರಿನ ಒಂದು ಬೆಳಗ್ಗೆ ಇಟ್ಟುಕೊಳ್ಳಿ. ಮೋಡ ಅಡ್ಡ ಬಂದರೆ ಟಾರ್ಚ್ ಕೊಡಬೇಡಿ, ಕಾಯಲಿ.